ಇಮಾಬರಿ ಕೋಟೆ: ಗೋಡೆಯ ಹಿಂದಿನ ಜಲ್ಲಿ

ಊರಿನಿಂದ ಬಂದವರು ಜಪಾನಿನ ಇಮಾಬರಿ ಕೋಟೆಯಲ್ಲಿ ಮೊದಲು ಫೋಟೊ ಹೊಡೆಯುವುದು ಮೇಲಿನ ಬಿಳಿ ಗೋಪುರವನ್ನು. ಅದು 1980ರಲ್ಲಿ ಕಟ್ಟಿದ ಕಾಂಕ್ರೀಟು. ನೋಡಬೇಕಾದ್ದು ಕೆಳಗಿದೆ: ಜಪಾನಿನ ಅಧಿಕಾರ ಯಾರದೆಂದು ತೀರ್ಮಾನಿಸಿದ ಸೆಕಿಗಹರಾ ಯುದ್ಧದ ಬೆನ್ನಿಗೇ, 1602ರಲ್ಲಿ, ಸಾಮಂತ ದೊರೆ ತೊದೊ ತಕತೊರ ಕಡಲದಂಡೆಯ ಮರಳಿನ ಮೇಲೆ ಕಟ್ಟಿಸತೊಡಗಿದ ಕಲ್ಲುಗೋಡೆ.

ಕಂದಕದಲ್ಲಿರುವುದು ಸಮುದ್ರದ ನೀರೇ. ಭರತ ಇಳಿತಕ್ಕೆ ತಕ್ಕಂತೆ ಏರಿಳಿಯುತ್ತದೆ, ಕಡಲ ಮೀನು ಒಳಗೆ ಸುಳಿದಾಡುತ್ತವೆ. ಬೇಸಿಗೆಯಲ್ಲಿ ಒಣಗುವ ಭಯವಿಲ್ಲ. ಆದರೆ ದಿನಕ್ಕೆರಡು ಸಲ ಏರಿ ಇಳಿಯುವ ನೀರು ಬುಡದ ಮರಳನ್ನು ಎಳೆದುಕೊಂಡು ಹೋಗಬಹುದು. ಅದಕ್ಕೇ ಇಲ್ಲಿ ಗೋಡೆ ನೇರ ನೀರಿನಿಂದ ಏಳುವುದಿಲ್ಲ. ನಡುವೆ ಸಮತಟ್ಟಾದ ಒಂದು ಪಟ್ಟಿ ಬಿಟ್ಟಿದ್ದಾರೆ, ಹೆಸರು ಇನುಬಶಿರಿ, ನಾಯಿ ಓಡುವ ದಾರಿ. ಗೋಡೆಯ ಭಾರ ಮೆತ್ತನೆಯ ನೆಲದಲ್ಲಿ ಒಂದೇ ಕಡೆ ಕುಸಿಯದಂತೆ ಕಾಯುವುದು ಅದೇ. ಬೇರೆ ಕೋಟೆಗಳಲ್ಲಿ ಇಂಥ ನೆಲ ಸಿಕ್ಕಾಗ ಬುಡಕ್ಕೆ ಪೈನ್ ಮರದ ದಿಮ್ಮಿ ಹಾಸುತ್ತಿದ್ದರು. ಸದಾ ನೀರಿನಲ್ಲಿದ್ದರೆ ಮರ ಕೊಳೆಯುವುದಿಲ್ಲ. ಕಂದಕ ಬತ್ತಿಸಿದರೆ ಗಾಳಿ ತಾಗಿ ಕೊಳೆಯುತ್ತದೆ, ಮೇಲಿನ ಗೋಡೆ ಕೂರುತ್ತದೆ.

ಗೋಡೆಯ ಅಡ್ಡಸೀಳಿನಲ್ಲಿ ಮೂರು ಪದರ. ಮುಂದೆ ದೊಡ್ಡ ಕಲ್ಲು, ಅದರ ಹಿಂದೆ ಜಲ್ಲಿ, ಅದಕ್ಕೂ ಹಿಂದೆ ಮಣ್ಣು. ದೊಡ್ಡ ಕಲ್ಲಿನ ಅಗಲ ಮುಖವನ್ನು ಹೊರಗೆ ತೋರಿಸಬೇಕೆಂಬ ಆಸೆ ಯಾರಿಗೂ ಬರುತ್ತದೆ. ಬಲ್ಲ ಕಲ್ಲುಕುಟಿಗ ಉದ್ದದ ಬಾಲವನ್ನು ಒಳಕ್ಕೆ ಹಾಕಿ, ಚಿಕ್ಕ ಮುಖವನ್ನಷ್ಟೇ ಹೊರಗೆ ಬಿಡುತ್ತಾನೆ. ಬಾಲದಡಿ ಚಿಕ್ಕ ಕಲ್ಲು ಕೊಟ್ಟು ಅಲುಗದಂತೆ ಕೂರಿಸುತ್ತಾನೆ. ಹೊರಗಿನ ಸಂದಿಯಲ್ಲಿ ಕಾಣುವ ಚೂರುಗಳು ಭಾರ ಹೊರುವುದಿಲ್ಲ. ಗಾರೆ ಎಲ್ಲೂ ಇಲ್ಲ. ಮುಷ್ಟಿಯಿಂದ ತಲೆ ಗಾತ್ರದವರೆಗಿನ ಆ ಜಲ್ಲಿ ಮಳೆನೀರನ್ನು ಕೆಳಕ್ಕಿಳಿಸಿ ಸಂದಿಯಿಂದ ಹೊರಬಿಡುತ್ತದೆ.

ಜಲ್ಲಿಯಲ್ಲಿ ಮಣ್ಣು ತುಂಬಿದರೆ ನೀರು ಹಿಂದೆಯೇ ನಿಂತು ಗೋಡೆಯನ್ನು ತಳ್ಳುತ್ತದೆ. ಭೂಕಂಪದಲ್ಲಿ ಜಲ್ಲಿ ಕೆಳಗೆ ಜಗ್ಗಿದರೂ ಹಾಗೆಯೇ. ನಾವು ಗೋಡೆ ಹೊಟ್ಟೆ ಬಿಟ್ಟಿದೆ ಅನ್ನುತ್ತೇವೆ, ಜಪಾನೀಯರು ಗೋಡೆಗೆ ಬಸಿರು ಅನ್ನುತ್ತಾರೆ. ಅವರ ಪದ 'ಹರಾಮಿ'. ನಮ್ಮ ಕಿವಿಗೆ ಬೈಗುಳ, ಏನು ಮಾಡುವುದು!

ಮೂಲೆಯ ಕಟ್ಟೋಣ ಬೇರೆ. ಉದ್ದನೆಯ ಕಲ್ಲನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನ ಸಾಲಿನಲ್ಲಿ ಬಲಕ್ಕೆ ಚಾಚಿ ಹೆಣೆಯುತ್ತಾರೆ. 2016ರ ಭೂಕಂಪದಲ್ಲಿ ಕುಮಾಮೊತೊ ಕೋಟೆಯ ಒಂದು ಬುರುಜಿನ ಕೆಳಗಿನ ಗೋಡೆ ಎರಡೂ ಬದಿ ಜರಿದುಬಿದ್ದಾಗ, ಮೇಲಿನ ಕಟ್ಟಡವನ್ನು ಹೊತ್ತು ನಿಂತದ್ದು ಮೂಲೆಯಲ್ಲಿ ಹೀಗೆ ಹೆಣೆದ ಕಲ್ಲುಗಳ ಒಂದೇ ಒಂದು ಕಂಬ. ಆ ಕೋಟೆಯ ದುರಸ್ತಿ 2052ರವರೆಗೆ ನಡೆಯುವ ಅಂದಾಜಿದೆ. ಪ್ರತಿ ಕಲ್ಲಿಗೂ ನಂಬರು, ಹಳೆಯ ಫೋಟೊಗೆ ಹೋಲಿಸಿ ಅದದರ ಜಾಗಕ್ಕೇ ವಾಪಸು. ನಮ್ಮಲ್ಲಿ ಇಷ್ಟು ವರ್ಷ ಹೇಳಿದರೆ ಗುತ್ತಿಗೆಯೇ ರದ್ದಾದೀತು.

ಕಲ್ಲಿನ ಕೆಲಸದಲ್ಲಿ ನಾವೇನೂ ಹಿಂದಿಲ್ಲ. ಸಾಲಾಗಿ ತೂತು ಕೊರೆದು ಬೆಣೆ ಬಡಿದು ಬಂಡೆ ಸೀಳಿದ ಗುರುತು ಚಿತ್ರದುರ್ಗದಲ್ಲೂ ಇದೆ, ಜಪಾನಿನ ಕೋಟೆಗಲ್ಲುಗಳಲ್ಲೂ ಇದೆ. ನಾವು ಎಡವುವುದು ದುರಸ್ತಿಯಲ್ಲಿ. ಇಮಾಬರಿ ಇರುವ ಸೆತೊ ಒಳಗಡಲಿನ ತೀರ ಜಪಾನಿನಲ್ಲೇ ಮಳೆ ಕಡಿಮೆಯ ಸೀಮೆ. ಕುಮಟಾ ಬಳಿಯ ಮಿರ್ಜಾನ್ ಕೋಟೆಗೆ ವರ್ಷಕ್ಕೆ 3,000 ಮಿ.ಮೀ. ದಾಟಿದ ಮಳೆ. ಅದರ ಚಿರೆಕಲ್ಲು ತೂತುತೂತಾದ ಕಲ್ಲು, ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡಲೂ ಬೇಕು. ಇಂಥ ಕಲ್ಲಿನ ಸಂದಿಗೆ ಸಿಮೆಂಟು ಮೆತ್ತಿದರೆ ಹೊರಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ನೀರು ಸಿಕ್ಕಿಬಿದ್ದು, ಸಿಮೆಂಟಿಗಿಂತ ಮೆತ್ತಗಿನ ಕಲ್ಲೇ ಸಂದಿಯ ಪಕ್ಕದಲ್ಲಿ ಉದುರುತ್ತದೆ. ಸುಣ್ಣದ ಗಾರೆಯಿದ್ದಲ್ಲಿ ಸುಣ್ಣವೇ ಸಾಕು, ಒಣಗಲ್ಲಿನ ಗೋಡೆಗೆ ಏನೂ ಬೇಡ.

ಮೊದಲು ಮಾಡಬೇಕಾದ್ದು ಗೋಡೆಯ ತಲೆಯ ಮೇಲಿನ ನೀರು ಹೋಗುವ ದಾರಿ ಬಿಡಿಸುವುದು. ಸಂದಿಯಲ್ಲಿ ಬೇರುಬಿಟ್ಟ ಅರಳಿಯನ್ನು ಕೀಳಬಾರದು, ಕಲ್ಲೂ ಕಿತ್ತುಬರುತ್ತದೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರಿದರೆ ಮತ್ತೆ ಕತ್ತರಿಸಬೇಕು. ಚಿಗುರುವುದಂತೂ ಖಂಡಿತ.