ನೆಮ್ಮದಿಯ ಕಾಲಕ್ಕೆ ನಾಲ್ಕು ನಿಮಿಷದ ಕತ್ತರಿ

ಅಮೆರಿಕದಲ್ಲಿ ನೆಮ್ಮದಿ ಮಾರಾಟಕ್ಕಿದೆ. ಹಳೆಯ ಧಾರಾವಾಹಿಗಳನ್ನು ಹಗಲಿರುಳು ಮರುಪ್ರಸಾರ ಮಾಡುವ ವಾಹಿನಿಗಳು ಅದನ್ನು ಅರ್ಧರ್ಧ ಗಂಟೆಯ ಪೊಟ್ಟಣ ಕಟ್ಟಿ ಕೊಡುತ್ತವೆ. ‘ಆಗ ಯಾರಿಗೂ ಅವಸರವೇ ಇರಲಿಲ್ಲ ನೋಡಿ’ ಎಂದು ಸೋಫಾದಲ್ಲಿ ಕೂತವರು ನಿಟ್ಟುಸಿರು ಬಿಡುತ್ತಾರೆ. ಬಿಡುವುದಾದರೆ ಬೇಗ ಬಿಡಬೇಕು, ಜಾಹೀರಾತು ಕಾಯುತ್ತಿದೆ.

1960ರಿಂದ 1968ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಬಂದ, ಸಣ್ಣ ಊರಿನ ಪೊಲೀಸ್ ಅಧಿಕಾರಿಯೊಬ್ಬನ ಹಾಸ್ಯ ಧಾರಾವಾಹಿ ‘ದಿ ಆಂಡಿ ಗ್ರಿಫಿತ್ ಶೋ’ದ ಒಂದು ಕಂತು ಸುಮಾರು 25 ನಿಮಿಷ. ಇಂದಿನ ಅರ್ಧ ಗಂಟೆಯಲ್ಲಿ ಕಥೆಗೆ ಸಿಗುವುದು 21-22. ಮಿಕ್ಕ ಮೂರ್ನಾಲ್ಕು ನಿಮಿಷ ಎಲ್ಲಿಂದ ಕೀಳಬೇಕು? ಕಳ್ಳ ಸಿಕ್ಕಿಬೀಳುವುದನ್ನು ತೆಗೆದರೆ ಕಥೆ ಕೆಡುತ್ತದೆ. ಹಾಗಾಗಿ ಏನೂ ನಡೆಯದ ಜಾಗವೇ ವಾಸಿ: ಜಗಲಿಯಲ್ಲಿ ಕೂತು ಗಿಟಾರ್ ಮೀಟುವುದು, ಉಭಯಕುಶಲೋಪರಿ, ಕೊನೆಯ ಜಾಹೀರಾತಿನ ನಂತರದ ಪುಟ್ಟ ಮುಕ್ತಾಯ. ಕಥೆ ನಡೆಯುವ ಮೇಬೆರ್ರಿ ಎಂಬ ಆ ಕಾಲ್ಪನಿಕ ಊರನ್ನು ಜನ ಹಚ್ಚಿಕೊಂಡಿದ್ದೇ ಅಲ್ಲಿ ಏನೂ ನಡೆಯುವುದಿಲ್ಲ ಅಂತ. ಇರಲಿ ಬಿಡಿ.

1963ರ ‘ಮ್ಯಾನ್ ಇನ್ ಎ ಹರಿ’ ಕಂತಿನಲ್ಲಿ, ಭಾನುವಾರ ಕಾರು ಕೆಟ್ಟು ಸಿಕ್ಕಿಹಾಕಿಕೊಂಡ ವ್ಯಾಪಾರಿಯೊಬ್ಬ ಚಡಪಡಿಸುತ್ತಿರುತ್ತಾನೆ. ಆ ಅಧಿಕಾರಿಯ ಸಹಾಯಕ ಬಾರ್ನಿ ಮಾತ್ರ ಜಗಲಿಯಲ್ಲಿ ಕೂತು, ಮನೆಗೆ ಹೋಗಿ ಒಂದು ಕೋಳಿನಿದ್ದೆ ಮಾಡುತ್ತೇನೆ, ಆಮೇಲೆ ಗೆಳತಿ ಥೆಲ್ಮಾ ಲೂ ಮನೆಗೆ ಹೋಗಿ ಟಿವಿ ನೋಡುತ್ತೇನೆ ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಾನೆ, ಏಳುವ ಲಕ್ಷಣವಿಲ್ಲ. ಕತ್ತರಿ ಹಿಡಿದವನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಒಂದು ಸಲ ಹೇಳಿದರೆ ಸಾಲದೇ? ಮೂವತ್ತು ಸೆಕೆಂಡಿನ ಕ್ಯಾಥೆಟರ್ ಜಾಹೀರಾತು ಅಲ್ಲಿ ಆರಾಮಾಗಿ ಕಾಲು ಚಾಚುತ್ತದೆ.

ಕತ್ತರಿಯ ಗಾಯ ಕಾಣಬಾರದು ಎನ್ನುವವರಿಗೆ ಇನ್ನೊಂದು ವಿದ್ಯೆಯಿದೆ, ಓಡಿಸುವುದು. ಟಿಬಿಎಸ್ ವಾಹಿನಿ ತೊಂಬತ್ತರ ದಶಕದ ಹಾಸ್ಯ ಧಾರಾವಾಹಿ ‘ಸೈನ್‌ಫೆಲ್ಡ್’ ಅನ್ನು ಶೇ. 7ಕ್ಕೂ ಹೆಚ್ಚು ವೇಗವಾಗಿ ಓಡಿಸುತ್ತಿದ್ದುದು, ಯಾರೋ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಬಯಲಾಯಿತು. 22 ನಿಮಿಷದ ಕಂತಿಗೆ ಶೇ. 7.5ರಷ್ಟು ವೇಗ ಕೂಡಿಸಿ ನೋಡಿ: ಸುಮಾರು 92 ಸೆಕೆಂಡು ಉಳಿಯುತ್ತದೆ, ಅಂದರೆ ಮೂರು ಜಾಹೀರಾತು. ವೇಗ ಏರಿದರೆ ದನಿ ಕೀರಲಾಗುತ್ತದೆ. ಅದನ್ನು ಸಾಫ್ಟ್‌ವೇರ್ ತಗ್ಗಿಸುತ್ತದೆ, ಕಿವಿಗೆ ಅನುಮಾನ ಬರುವುದಿಲ್ಲ. ಸಿಕ್ಕಿಬೀಳುವುದು ನಡಿಗೆಯಲ್ಲಿ, ಮತ್ತೆ ಮಾತಿನ ನಡುವಿನ ಮೌನದಲ್ಲಿ. ನಟ ಅಳೆದು ಬಿಟ್ಟ ಒಂದು ಸೆಕೆಂಡು ಈಗ 0.93 ಸೆಕೆಂಡು. ಪ್ರೇಕ್ಷಕರ ನಗುವೂ ಅಷ್ಟೇ ಬೇಗ ಮುಗಿಯುತ್ತದೆ.

ಚೌಕ ಪರದೆಗೆಂದು ಚೌಕಟ್ಟು ಹಾಕಿದ ಅದೇ ಧಾರಾವಾಹಿಯನ್ನು 2021ರಲ್ಲಿ ನೆಟ್‌ಫ್ಲಿಕ್ಸ್ ಅಗಲ ಪರದೆಗೆ ಹಿಗ್ಗಿಸಿ ತೋರಿಸಿತು. ಅಕ್ಕಪಕ್ಕ ಒಂದಿಷ್ಟು ಸಿಕ್ಕಿತು, ಮೇಲೆ ಕೆಳಗೆ ಹೋಯಿತು. ರಸ್ತೆಗುಂಡಿಯ ಬಗ್ಗೆಯೇ ಇರುವ ಕಂತಿನಲ್ಲಿ ಗುಂಡಿಯೇ ಪರದೆಯಿಂದಾಚೆ! ಗುಂಡಿ ಮುಚ್ಚಲು ಇದಕ್ಕಿಂತ ಅಗ್ಗದ ದಾರಿ ಯಾವ ಪಾಲಿಕೆಗೂ ಹೊಳೆದಿರಲಿಕ್ಕಿಲ್ಲ.

ವಾಹಿನಿ ಬೇಡ, ಡಿವಿಡಿ ಕೊಳ್ಳುತ್ತೇನೆ ಎನ್ನುವವರು ಮೊದಲು ಅವಧಿ ನೋಡಿಕೊಳ್ಳಿ. ಅರವತ್ತರ ದಶಕದ ಅರ್ಧ ಗಂಟೆಯ ಕಂತು 22 ನಿಮಿಷ ಎಂದಿದ್ದರೆ ಅದೂ ಕತ್ತರಿಯ ಕೆಳಗೆ ಹಾದು ಬಂದದ್ದೇ. ಆಮೇಲೆ ಹಾಡು. ‘ಡಬ್ಲ್ಯೂಕೆಆರ್‌ಪಿ ಇನ್ ಸಿನ್ಸಿನಾಟಿ’ ರೇಡಿಯೊ ಕೇಂದ್ರದ ಕಥೆ. ಹಾಡುಗಳ ಹಕ್ಕು ದುಬಾರಿಯೆಂದು 2007ರ ಡಿವಿಡಿಯಲ್ಲಿ ಎಷ್ಟೋ ಕಡೆ ಬೇರೆ ಸಂಗೀತ ತುಂಬಿದರು. ಡಿಜೆ ತಲೆದೂಗುವುದು ಒಂದಕ್ಕೆ, ನಮಗೆ ಕೇಳಿಸುವುದು ಇನ್ನೊಂದು.

ಇನ್ನು ಐವತ್ತರ ದಶಕದ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’. ಶೀರ್ಷಿಕೆಯಲ್ಲಿ ಸ್ಯಾಟಿನ್ ಬಟ್ಟೆಯ ಮೇಲೆ ಹೃದಯದ ಚಿತ್ರ ಮೂಡಿದರೆ ಸಾಕು, ಭಕ್ತರ ಕಣ್ಣು ತೇವವಾಗುತ್ತದೆ. 1951ರಲ್ಲಿ ಶುರುವಾದಾಗ ಆ ಹೃದಯ ಇರಲೇ ಇಲ್ಲ. ಪ್ರಾಯೋಜಕರು ಫಿಲಿಪ್ ಮಾರಿಸ್ ಸಿಗರೇಟಿನವರು. ಕಡ್ಡಿಗೊಂಬೆಯಂಥ ಲೂಸಿಯೂ ಅವಳ ಗಂಡನೂ ಶುರುವಿನ ಕಾರ್ಟೂನಿನಲ್ಲಿ ಅವರ ಸರಕನ್ನೇ ಮೆರೆಸುತ್ತಿದ್ದರು. ಮರುಪ್ರಸಾರಕ್ಕೆ ಆ ಸಿಗರೇಟು ಹೊಂದಲಿಲ್ಲ, ಹೃದಯ ಬಂತು. ‘ಆಗ ಜಾಹೀರಾತಿನ ಕಾಟವೇ ಇರಲಿಲ್ಲ’ ಎನ್ನುವವರ ಟೀ ಶರ್ಟಿನ ಮೇಲೆ ಈಗ ಇರುವುದು ಅದೇ ಹೃದಯ.