ದೋಣಿ ತಗೊಳ್ಳೋ ಮುಂಚೆ ಅದರ ಹಿಂಬದಿ ನೋಡ್ರಿ

ನಮ್ಮ ಹುಬ್ಬಳ್ಳಿ-ಧಾರವಾಡದ ಗಾಳ ಹಾಕುವ ಗೆಳೆಯರಿಗೆ ಈ ಮಾತು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನಾಲ್ಕು ಮಂದಿ ದುಡ್ಡು ಕೂಡಿಸಿ ಒಂದು ಸಣ್ಣ ಫೈಬರ್ ದೋಣಿ ತಗೊಳ್ಳೋದು, ಅರಬೈಲ್ ಘಾಟ್ ಇಳಿಸಿ ಅಂಕೋಲಾ, ಗೋಕರ್ಣದ ಕಡೆ ಸಮುದ್ರಕ್ಕೆ ಹಾಕೋದು ಅನ್ನುವ ಮಾತು ನಮ್ಮಲ್ಲಿ ಜೋರಾಗಿದೆ. ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದರೆ ಎಲ್ಲರೂ ಮೊದಲು ಕೇಳೋದು ‘ಎಂಜಿನ್ ಎಷ್ಟು ಎಚ್‌ಪಿ?’ ಅಂತ. ಅಲೆ ಒಡೆಯುವ ದಂಡೆಯಿಂದ ಇಳಿಸೋ ದೋಣಿಗೆ ಅದು ಕಟ್ಟಕಡೆಯ ಪ್ರಶ್ನೆ.

ಯಾಕಂದ್ರ, ಅಲೆ ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ. ಒಂದು ಮೀಟರ್ ಅಲೆ ಅಂದರೆ ನಿಮ್ಮ ಎದೆಮಟ್ಟದ ನೀರಿನಲ್ಲಿ. ಅಲ್ಲಿಯವರೆಗೆ ದೋಣಿಯನ್ನು ಕೈಯಿಂದಲೇ ಹಿಡಿದು ತಳ್ಳಬೇಕು. ಹಿಂಬದಿಗೆ ತೂಗುಹಾಕಿದ ಎಂಜಿನ್ನನ್ನು ಅದಕ್ಕಿಂತ ಮುಂಚೆ ನೀರಿಗೆ ಇಳಿಸಿದರೆ ಅದರ ಫ್ಯಾನ್ ಮರಳಿಗೆ ಬಡಿಯುತ್ತದೆ, ತಂಪು ಮಾಡುವ ನೀರಿನ ಜೊತೆ ಮರಳೂ ಒಳಗೆ ಹೋಗುತ್ತದೆ. ಅಂದರೆ ಎಲ್ಲಕ್ಕಿಂತ ಕಷ್ಟದ ಜಾಗದಲ್ಲಿ ನಿಮ್ಮ ಎಚ್‌ಪಿ ಸುಮ್ಮನೆ ಮೇಲೆ ಎತ್ತಿಟ್ಟ ಭಾರ. 9.9 ಎಚ್‌ಪಿಯ ಎಂಜಿನ್ ಒಂದೇ ಸುಮಾರು 40 ಕಿಲೊ ತೂಗುತ್ತದೆ. ಅದರ ಮೇಲೆ ಪೆಟ್ರೋಲ್, ಲಂಗರು, ಐಸ್ ಡಬ್ಬಿ. ಇಷ್ಟರ ನಡುವೆ ಒಂದು ಅಲೆ ಒಳಗೆ ಬಂದು 200 ಲೀಟರ್ ನೀರು ಸುರಿದರೆ 200 ಕಿಲೊ ಹೆಚ್ಚಾಯಿತು. ಮುಂದಿನ ಅಲೆ ಬರುವುದರೊಳಗೆ ಅದನ್ನು ಯಾರು ಅಲುಗಾಡಿಸುತ್ತೀರಿ?

ಅಂಕೋಲಾದ ಹತ್ತಿರ ಒಬ್ಬ ಹಿರಿಯ ಮೀನುಗಾರ ದೋಣಿ ಇಳಿಸುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೊಣಕಾಲು ನೀರಿನಲ್ಲಿ, ಒಂದು ಕೈ ದೋಣಿಯ ಅಂಚಿನ ಮೇಲೆ, ಕಣ್ಣು ದೂರಕ್ಕೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ಮಗ ಅವಸರ ಮಾಡಿದ, ಇವರು ‘ತಡಿ’ ಅಂದರು, ಅಷ್ಟೆ. ಗುಂಪು ದಾಟಿದ ಕೂಡಲೇ ಇಬ್ಬರೂ ಓಡಿಸಿಕೊಂಡು ಹೋಗಿ ಹತ್ತಿ ಹುಟ್ಟು ಹಾಕಿದರು. ಎಂಜಿನ್ ಸದ್ದು ಕೇಳಿದ್ದು ಬಿಳಿ ನೊರೆಯ ಆಚೆ ಹೋದಮೇಲೆ. ‘ಕಾಕಾ, ದೋಣಿ ತಗೊಂಡರ ಎಂಥಾದ್ದು ತಗೋಬೇಕು?’ ಅಂದೆ, ಅವರು ತಿರುಗಿ ಬಂದಮೇಲೆ. ‘ಹೋಗೂದು ಎಲ್ಲರಿಗೂ ಬರ್ತದೆ, ತಿರುಗಿ ಬರೂದಕ್ಕೆ ಯಾವುದು ಆಗ್ತದೋ ಅದು ತಕೊಳ್ಳಿ’ ಅಂದರು.

ತಿರುಗಿ ಬರುವಾಗ ಅಲೆ ಬೆನ್ನ ಹಿಂದೆ ಇರುತ್ತದೆ. ಹಿಂಬದಿ ಅಗಲವಾಗಿ, ಹಲಗೆಯಂತೆ ಚಪ್ಪಟೆಯಾಗಿದ್ದರೆ ಅಲೆಗೆ ತಳ್ಳಲು ಗೋಡೆಯೇ ಸಿಕ್ಕಂತೆ. ಮೂತಿ ಕೆಳಗೆ ಹೂತು, ದೋಣಿ ಅಡ್ಡ ತಿರುಗಿ, ಮಗುಚಿ ಬೀಳುತ್ತದೆ. ಕರಾವಳಿಯ ಹಳೇ ದೋಣಿಗಳಲ್ಲಿ ಬಹಳಷ್ಟಕ್ಕೆ ಎರಡೂ ತುದಿ ಚೂಪಾಗಿರುವುದು ಇದಕ್ಕೇ. ಮದರಾಸಿನಲ್ಲಿ ಬಂದರು ಕಟ್ಟುವ ಮುಂಚೆ ಹಡಗಿನ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದ ಮಸೂಲಾ ದೋಣಿಗೆ ಮೊಳೆಯೇ ಇರಲಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು. ಮರಳಿಗೆ ಬಡಿದರೆ ಬಾಗುತ್ತಿತ್ತು, ಒಡೆಯುತ್ತಿರಲಿಲ್ಲ. ಕಟ್ಟುಮರವಂತೂ ದಿಮ್ಮಿಗಳ ಕಟ್ಟು, ನೀರು ತುಂಬಲು ಜಾಗವೇ ಇಲ್ಲ. ಈ ಬುದ್ಧಿ ಕಂಡಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಇಬ್ಬರಿಗಾದರೆ 12-14 ಅಡಿ ಸಾಕು. ಮೂತಿ ಎತ್ತರ, ಹಿಂಬದಿ ಕಿರಿದು, ಮೂವರು ಹೊರುವಷ್ಟೇ ಭಾರ. ಸೀಟಿನ ಕೆಳಗೆ ಗಾಳಿ ಹೋಗದಂತೆ ಮುಚ್ಚಿದ ಅಥವಾ ಫೋಮ್ ತುಂಬಿದ ಗೂಡುಗಳು ಇರಲೇಬೇಕು, ನೀರು ತುಂಬಿದರೂ ತೇಲಬೇಕು. 2-3 ಎಚ್‌ಪಿಯ ಎಂಜಿನ್ 15 ಕಿಲೊದ ಆಸುಪಾಸು ಇರುತ್ತದೆ, ಒಬ್ಬರೇ ಎತ್ತಬಹುದು. ನೀವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕೆಂಪು ಹಗ್ಗ ಮಣಿಕಟ್ಟಿಗೆ, ಲೈಫ್ ಜಾಕೆಟ್ ಮೈಮೇಲೆ. ಒಂಟಿಯಾಗಿ ಹೋಗುವವರಿಗೆ ಮೇಲೆ ಕೂರುವ ಕಯಾಕೇ (ಹುಟ್ಟು ಹಾಕುವ ಕಿರಿದಾದ ದೋಣಿ) ಒಳ್ಳೆಯದು, ಮಗುಚಿದರೆ ತಿರುಗಿಸಿ ಮತ್ತೆ ಹತ್ತಬಹುದು. ನಮ್ಮ ಹಾವೇರಿ ಕಡೆ ತುಂಗಭದ್ರೆ ದಾಟಿಸುವ ಹರಿಗೋಲು ಹೊಳೆಗೆ ಚೆಂದ. ಮೂತಿಯೇ ಇಲ್ಲದ ಅದನ್ನು ಅಲೆಗೆ ಎದುರು ಹಿಡಿಯುವುದು ಹೇಗೆ?

ಉಣಕಲ್ ಕೆರೆಯಲ್ಲಿ ತೇಲಿಸಿ ‘ಸೂಪರ್ ಅದ’ ಅಂತ ವಿಡಿಯೋ ಹಾಕುವವರು ದಯವಿಟ್ಟು ಅಲ್ಲಿಗೇ ನಿಲ್ಲಬೇಡ್ರಿ. ಮಾರುವವರ ಅಂಗಳದಲ್ಲೇ ಎಂಜಿನ್, ಡಬ್ಬಿ ಎಲ್ಲ ಏರಿಸಿ, ನೀವು ಹೋಗುವ ಮಂದಿಯೇ ಎಳೆದು ನೋಡ್ರಿ. ಇಪ್ಪತ್ತು ಹೆಜ್ಜೆಗೆ ಏದುಸಿರು ಬಂದರೆ ಆ ದೋಣಿ ದಂಡೆಯದಲ್ಲ, ತದಡಿಯಂಥ ಬಂದರಿನದು. ಜೂನ್, ಜುಲೈನಲ್ಲಿ ಯಾವುದನ್ನೂ ಇಳಿಸುವ ಮಾತೇ ಬೇಡ.