ಮುರ್ಟನ್ ಕೋಟೆಯ ಮನೆಗಳು, ಬಾದಾಮಿಯ ಓಣಿಗಳು

ಊರಿನಿಂದ ನಾನಿರುವ ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಯಾರೇ ಬಂದರೂ ಮೊದಲು ಯುಂಗ್‌ಫ್ರೌ ಹಿಮ ನೋಡಲು ಹೊರಡುತ್ತಾರೆ. ಅದು ಮುಗಿದ ಮೇಲೆ ನಾನು ಅವರನ್ನು ಮುರ್ಟನ್‌ಗೆ ಕರೆದೊಯ್ಯುತ್ತೇನೆ. ರೈಲಿನಲ್ಲಿ ಅರ್ಧ ಗಂಟೆಗೆ ತುಸು ಹೆಚ್ಚು. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಸಂಜೆಯೊಳಗೆ ಮನೆ ಸೇರಬಹುದು. ಹನ್ನೆರಡನೆಯ ಶತಮಾನದಲ್ಲಿ ತ್ಸೇರಿಂಗನ್ ಮನೆತನದವರು ಸರೋವರದ ದಂಡೆಯ ದಿಬ್ಬದ ಮೇಲೆ ಕಟ್ಟಿಸಿದ ಊರು ಇದು. 1416ರ ಬೆಂಕಿಗೆ ಮರದ ಮನೆಗಳೆಲ್ಲ ಆಹುತಿಯಾದ ಮೇಲೆ ಕಲ್ಲಿನಲ್ಲಿ ಮತ್ತೆ ಎದ್ದಿತು. 1476ರಲ್ಲಿ ಬರ್ಗಂಡಿಯ ದೊರೆ ಚಾರ್ಲ್ಸ್ ಇದರ ಗೋಡೆಗೆ ಫಿರಂಗಿ ಹಚ್ಚಿ ಕೂತಿದ್ದ. ಜೂನ್ 22ರಂದು ಸ್ವಿಸ್ ಒಕ್ಕೂಟದ ಪಡೆ ಬಂದು ಅವನ ಸೈನಿಕರನ್ನು ನೀರಿನ ಕಡೆಗೇ ಅಟ್ಟಿತು, ಬಹಳ ಮಂದಿ ಮುಳುಗಿ ಸತ್ತರು. ಈಗಲೂ ಅದೇ ದಿನ ಶಾಲೆಯ ಮಕ್ಕಳು ಬಿಳಿ ಬಟ್ಟೆ ತೊಟ್ಟು, ಹೂ ಹಿಡಿದು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ.

ಕೋಟೆಗೋಡೆಯ ಮೇಲೆ ಮರದ ಹಲಗೆ ಹಾಸಿದ, ಹಂಚು ಹೊದಿಸಿದ ಓಡಾಟದ ದಾರಿಯಿದೆ. ಟಿಕೆಟ್ ಇಲ್ಲ, ಕಾವಲುಗಾರನಿಲ್ಲ. ಒಂದು ಬದಿಯ ಕಿಂಡಿಗಳಲ್ಲಿ ಹೊರಗಿನ ಬಯಲು ಕಾಣುತ್ತದೆ. ಇನ್ನೊಂದು ಬದಿಗೆ ಬಗ್ಗಿದರೆ ಕಾಲಡಿಯಲ್ಲೇ ಜನರ ಹಿತ್ತಿಲು: ಬೀನ್ಸ್ ಬಳ್ಳಿಗೆ ಊರಿದ ಕೋಲುಗಳು, ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆ, ಮಗುವಿನ ಮೂರು ಚಕ್ರದ ಸೈಕಲ್. ಅದರಾಚೆ ಒತ್ತೊತ್ತಾಗಿ ನಿಂತ ಹಂಚಿನ ಮನೆಗಳು, ಅವುಗಳ ಮೇಲೆ ನೀಲಿ ನೀರು, ಎದುರು ದಡದಲ್ಲಿ ವುಲ್ಲಿ ಗುಡ್ಡದ ದ್ರಾಕ್ಷಿ ತೋಟ. ಹೆಬ್ಬೀದಿಯ ಕಮಾನುಗಳ ಕೆಳಗೆ ಅಂಗಡಿ, ಮೇಲಂತಸ್ತಿನಲ್ಲಿ ಸಂಸಾರ. ಕೆನೆ, ಸಕ್ಕರೆ ಹಚ್ಚಿ ಸುಟ್ಟ ಇಲ್ಲಿನ ನೀಡಲ್‌ಕೂಖನ್ ಎಂಬ ಸಿಹಿ ರೊಟ್ಟಿಯನ್ನು ತಿನ್ನದೆ ಯಾರೂ ಹಿಂದಿರುಗಬಾರದು.

ಆ ಹಿತ್ತಿಲುಗಳನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ನನ್ನ ತಾಯಿಯ ತವರು ಬಾದಾಮಿ. ಮುರ್ಟನ್‌ಗಿಂತ ಆರು ಶತಮಾನ ಹಳೆಯದು. 543ರಲ್ಲಿ ಒಂದನೆಯ ಪುಲಕೇಶಿ ಆ ಬೆಟ್ಟವನ್ನು ಕೋಟೆಯಾಗಿಸಿದ್ದಕ್ಕೆ ಬಂಡೆಯ ಮೇಲಿನ ಶಾಸನವೇ ಸಾಕ್ಷಿ. ನಡುವೆ ಅಗಸ್ತ್ಯ ತೀರ್ಥವೆಂಬ ಕೆರೆ, ಎರಡು ಕಡೆ ಕೆಂಪು ಬಂಡೆ, ಮೂಡಣ ದಂಡೆಯಲ್ಲಿ ಭೂತನಾಥ ಗುಡಿ, ಪಡುವಣ ದಂಡೆಗೆ ಹೊಂದಿಕೊಂಡ ಊರ ಓಣಿಗಳು. ಮುಂಜಾನೆ ಕೆರೆಯ ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತದೆ.

ಪ್ರವಾಸಿಗರು ಈ ದೃಶ್ಯದ ಫೋಟೊ ತೆಗೆಯುತ್ತಾರೆ. ಆಮೇಲೆ ಅವರೇ ‘ಇವರನ್ನೆಲ್ಲ ಇಲ್ಲಿಂದ ಎಬ್ಬಿಸಿದರೆ ಎಷ್ಟು ಚೆನ್ನಾಗಿರುತ್ತದೆ’ ಎನ್ನುತ್ತಾರೆ. ಈ ಮಾತು ನನ್ನನ್ನು ಕೆರಳಿಸುತ್ತದೆ. ಸ್ಮಾರಕದ ಸುತ್ತಲಿನ ಮನೆಗಳನ್ನು ತೆರವು ಮಾಡಬೇಕೆಂಬ ಚರ್ಚೆ ಬಾದಾಮಿಗೆ ಹೊಸದಲ್ಲ. 2011ರ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಅದನ್ನು ಮಾಡಿಯೂ ತೋರಿಸಿದರು. ಅಲ್ಲಿದ್ದವರು ಹಳೆಯ ಮಂಟಪಗಳಿಗೆ ಸಿಮೆಂಟು ಗೋಡೆ ಕಟ್ಟಿದ್ದು ತಪ್ಪೇ, ಒಪ್ಪುತ್ತೇನೆ. ಆದರೆ ಬಜಾರು ಎಂಬ ಹೆಸರು ಹೊತ್ತ ಬೀದಿಯಲ್ಲಿ ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ ಎಂದಾದರೆ ಉಳಿಸಿದ್ದು ಏನನ್ನು? ಮುರ್ಟನ್‌ನ ಕಮಾನುಗಳ ಕೆಳಗಿನ ಅಂಗಡಿಗಳನ್ನು ಎತ್ತಿಸಬೇಕು ಎಂದು ಇಲ್ಲಿ ಯಾರಾದರೂ ಹೇಳಿದರೆ ಜನ ಬೆರಗಾಗಿ ನೋಡುತ್ತಾರೆ.

ಸ್ವಿಸ್ ಸರೋವರಗಳು ಹುಟ್ಟಿದಂದಿನಿಂದ ಹೀಗೆ ತಿಳಿಯಾಗಿಯೇ ಇವೆ ಎಂದು ನಮ್ಮವರು ತಿಳಿದಿದ್ದಾರೆ. ಹಾಗೇನಿಲ್ಲ. ಅರವತ್ತರ ದಶಕದಲ್ಲಿ ಈ ದೇಶದ ಎಷ್ಟೋ ಕಡೆ ಕೆರೆಗೆ ಇಳಿಯಬೇಡಿ ಎಂಬ ಫಲಕಗಳಿದ್ದವು. ಊರ ಚರಂಡಿ ನೇರವಾಗಿ ನೀರಿಗೆ ಸೇರುತ್ತಿತ್ತು, ಸೋಪಿನ ಪುಡಿಯ ಫಾಸ್ಫೇಟ್ ತಿಂದು ಪಾಚಿ ಕೊಬ್ಬುತ್ತಿತ್ತು. ಮುರ್ಟನ್ ಸರೋವರದ ಗತಿಯೂ ಅದೇ ಆಗಿತ್ತು. ಆಗ ಇವರು ದಂಡೆಯ ಮನೆಗಳನ್ನು ಕೆಡವಲಿಲ್ಲ. ಊರೂರಿಗೆ ಒಳಚರಂಡಿ ಹಾಕಿ ಶುದ್ಧೀಕರಣ ಘಟಕ ಕಟ್ಟಿದರು, 1986ರಲ್ಲಿ ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಬಳಸುವುದನ್ನೇ ದೇಶಕ್ಕೆಲ್ಲ ನಿಷೇಧಿಸಿದರು. ಇಂದು ಬೇಸಿಗೆಯಲ್ಲಿ ಅಜ್ಜಿಯರಿಂದ ಹಿಡಿದು ಅಂಬೆಗಾಲಿನ ಕೂಸುಗಳವರೆಗೆ ಎಲ್ಲರೂ ಆ ನೀರಿನಲ್ಲಿದ್ದಾರೆ.

ಬಾದಾಮಿಯ ತಾಯಂದಿರನ್ನು ದೂರುವ ಮೊದಲು ಅವರ ಕೈಗೆ ಎಂಥ ಸೋಪು ಕೊಟ್ಟಿದ್ದೇವೆ, ಅವರ ಓಣಿಗೆ ಎಂಥ ಚರಂಡಿ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ಮನೆಯ ವಿಷಯವೂ ಹಾಗೆಯೇ. 2010ರಲ್ಲಿ ತಿದ್ದುಪಡಿಯಾದ ನಮ್ಮ ದೇಶದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಸೋರುವ ಮಾಳಿಗೆಯ ಕೆಳಗೆ ಮಳೆಗಾಲ ಕಳೆಯುವವರಿಗೆ ಅನುಮತಿಗಾಗಿ ಕಾಯುವುದು ಎಂದರೇನೆಂದು ನನ್ನ ಸೋದರಮಾವನ ಮನೆಯಲ್ಲಿ ಕಂಡಿದ್ದೇನೆ. ಇಲ್ಲಿನ ಹಳೆಯ ಊರುಗಳಲ್ಲೂ ಹಂಚು, ಕಿಟಕಿ ಬದಲಿಸಲು ಒಪ್ಪಿಗೆ ಬೇಕು, ನಿಯಮಗಳು ಸಡಿಲವೇನಲ್ಲ. ಆದರೆ ಆ ನಿಯಮಗಳು ಅಲ್ಲಿ ಜನ ಬದುಕಿಯೇ ಇರುತ್ತಾರೆ ಎಂದು ನಂಬಿ ಬರೆದವು.

ಹಣವಂತ ದೇಶದ ಜೊತೆ ಹೋಲಿಸಬೇಡ ಎಂದು ಗೆಳೆಯರು ಹೇಳುತ್ತಾರೆ. ಕೆರೆಯ ನೀರನ್ನೇ ಕೊಳವೆಯಲ್ಲಿ ಹಾಯಿಸಿ, ದಂಡೆಯಿಂದ ತುಸು ದೂರದಲ್ಲಿ ನೆರಳಿರುವ ಒಗೆಯುವ ಕಟ್ಟೆಗಳನ್ನು ಕಟ್ಟಿ, ಸೋಪಿನ ನೀರು ಮರಳಿ ಕೆರೆ ಸೇರದಂತೆ ಬೇರೆ ಕಾಲುವೆಗೆ ಬಿಡುವುದಕ್ಕೆ ಸ್ವಿಸ್ ಖಜಾನೆ ಬೇಕಿಲ್ಲ. ಮನೆ ರಿಪೇರಿಯ ಅರ್ಜಿಗೆ ಬಾದಾಮಿಯಲ್ಲೇ ಕೂತ ಅಧಿಕಾರಿಯೊಬ್ಬರು ಮಳೆಗಾಲಕ್ಕೆ ಮುಂಚೆ ಉತ್ತರ ಕೊಡುವುದಕ್ಕೂ ಬೇಕಿಲ್ಲ. ಕಟ್ಟೆ ಎಲ್ಲಿರಬೇಕು ಎಂಬುದನ್ನು ಮಾತ್ರ ಆ ಹೆಂಗಸರನ್ನೇ ಕೇಳಿ ಗೊತ್ತು ಮಾಡಲಿ. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ದಿನವೂ ನಡೆಯಬೇಕಾದವರು ಅವರು.